ಊರಿನ ಕೀಬೋರ್ಡು, ದೂರದ ದುರಸ್ತಿ

ಗದಗ ಜಿಲ್ಲೆಯ ಗಜೇಂದ್ರಗಡ, ರೋಣ, ನರಗುಂದ ಭಾಗದ ಭಜನಾ ಮಂಡಳಿಗಳಲ್ಲಿ, ಜಾತ್ರೆಯ ರಸಮಂಜರಿಗಳಲ್ಲಿ, ಹಳ್ಳಿಯ ಹವ್ಯಾಸಿ ನಾಟಕಗಳಲ್ಲಿ ಮತ್ತು ಮಕ್ಕಳ ಸಂಗೀತ ಪಾಠಗಳಲ್ಲಿ ಎಲೆಕ್ಟ್ರಾನಿಕ್ ಕೀಬೋರ್ಡು ಇಂದು ಹಾರ್ಮೋನಿಯಂನ ಪಕ್ಕದಲ್ಲಿ, ಕೆಲವೆಡೆ ಅದರ ಜಾಗದಲ್ಲಿಯೇ, ನೆಲೆಗೊಂಡಿದೆ. ಭೀಮಸೇನ ಜೋಶಿಯವರ ಹೆಸರಿನೊಂದಿಗೆ ಸೇರಿಕೊಂಡಿರುವ ರೋಣವೂ, ಪಂಚಾಕ್ಷರ ಗವಾಯಿಗಳು ಮತ್ತು ಪುಟ್ಟರಾಜ ಗವಾಯಿಗಳು ಅಂಧರಿಗೂ ಬಡ ಮಕ್ಕಳಿಗೂ ಸಂಗೀತ ಕಲಿಸಿದ ಗದಗಿನ ವೀರೇಶ್ವರ ಪುಣ್ಯಾಶ್ರಮವೂ ಇರುವ ಈ ಸೀಮೆಯಲ್ಲಿ ಸ್ವರ ಹಿಡಿಯುವ ವಾದ್ಯಕ್ಕೆ ಇರುವ ಮರ್ಯಾದೆ ದೊಡ್ಡದು. ಪುಣ್ಯಾಶ್ರಮವು ತನ್ನದೇ ನಾಟಕ ಸಂಘವನ್ನು ಕಟ್ಟಿ ಊರೂರು ಸುತ್ತಿಸಿದ ಕಾಲದಿಂದ, ರಂಗದ ಮುಂದೆ ಕೂತು ಕಾಲಿನಿಂದ ತಿದಿಯೊತ್ತಿ ನುಡಿಸುವ ಕಾಲುಪೆಟ್ಟಿಗೆ ಇಲ್ಲಿನ ಪ್ರೇಕ್ಷಕರಿಗೆ ನಟರಷ್ಟೇ ಪರಿಚಿತ. ಕೀಬೋರ್ಡು ಆ ಪೆಟ್ಟಿಗೆಯ ಉತ್ತರಾಧಿಕಾರಿಯಾಗಿ ಬಂದಿತೇ ಹೊರತು ಪಾಶ್ಚಾತ್ಯ ಪಿಯಾನೋದ ಪ್ರತಿನಿಧಿಯಾಗಿ ಅಲ್ಲ. ತಬಲಾ, ತಂಬೂರಿ, ಶಹನಾಯಿಗಳ ನಾದಗಳನ್ನು ಒಳಗೆ ಸೇರಿಸಿಕೊಂಡ ಭಾರತೀಯ ಮಾದರಿಗಳನ್ನು ಯಮಹಾ, ಕ್ಯಾಸಿಯೊ, ರೋಲೆಂಡ್ ಮುಂತಾದ ಜಪಾನಿ ಕಂಪನಿಗಳು ಮಾರುಕಟ್ಟೆಗೆ ತಂದದ್ದು ಇಂಥ ಬಳಕೆದಾರರನ್ನು ಕಂಡೇ. ಯಮಹಾ 2019ರಿಂದ ಚೆನ್ನೈ ಬಳಿಯ ಕಾರ್ಖಾನೆಯಲ್ಲಿ ಕೀಬೋರ್ಡುಗಳನ್ನು ತಯಾರಿಸುತ್ತಲೂ ಇದೆ.

ಆದರೆ ವಾದ್ಯ ಬದಲಾದಾಗ ಅದರ ದುರಸ್ತಿಯ ವಿದ್ಯೆ ಊರಿನಿಂದ ಹೊರಗೆ ಹೋಯಿತು ಎಂಬುದನ್ನು ಗಮನಿಸಿದವರು ಕಡಿಮೆ. ಹಾರ್ಮೋನಿಯಂನಲ್ಲಿ ನಾದ ಹುಟ್ಟುವುದು ಹಿತ್ತಾಳೆಯ ರೀಡಿನಿಂದ, ಅಂದರೆ ಗಾಳಿ ಹಾಯುವಾಗ ಕಂಪಿಸುವ ತೆಳುವಾದ ಲೋಹದ ನಾಲಗೆಯಿಂದ. ಅದು ಅಪಸ್ವರವಾದರೆ ಎಲ್ಲಿ ಹೆರೆಯಬೇಕು, ತಿದಿ ಹರಿದರೆ ಯಾವ ಬಟ್ಟೆ ಅಂಟಿಸಬೇಕು, ಕೀ ಅಂಟಿಕೊಂಡರೆ ಮರವನ್ನು ಎಷ್ಟು ಉಜ್ಜಬೇಕು ಎಂಬುದನ್ನು ಬಲ್ಲವರು ಗದಗಿನಂಥ ಊರಿನಲ್ಲಿ ಸಿಗುತ್ತಿದ್ದರು, ಹಲವು ಸಲ ನುಡಿಸುವವರೇ ಬಲ್ಲವರಾಗಿರುತ್ತಿದ್ದರು. ದೋಷ ಕಣ್ಣಿಗೆ ಕಾಣುತ್ತಿತ್ತು, ಕಿವಿಗೆ ಕೇಳುತ್ತಿತ್ತು, ಕೈಗೆ ಸಿಗುತ್ತಿತ್ತು. ಕೀಬೋರ್ಡಿನಲ್ಲಿ ದೋಷ ಕಾಣುವುದು ಒಂದೆಡೆಯಾದರೆ ಇರುವುದು ಮತ್ತೊಂದೆಡೆ. ಮುಚ್ಚಳ ಬಿಚ್ಚಿದರೆ ಕಂಪನಿಯ ಖಾತರಿ ಕೈತಪ್ಪುವ ಭಯ ಬೇರೆ. ಮೊದಲು ರೋಣ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಗಜೇಂದ್ರಗಡದಿಂದ ಗದಗಿಗೆ 50 ಕಿ.ಮೀ.ಗೂ ಹೆಚ್ಚು ದಾರಿ, ಅಲ್ಲಿಂದ ಹುಬ್ಬಳ್ಳಿಗೆ ಮತ್ತೆ ಸುಮಾರು 60 ಕಿ.ಮೀ.; ಕಂಪನಿಯ ಅಧಿಕೃತ ಸೇವಾಕೇಂದ್ರವೆಂಬುದು ಇಂಥ ದೊಡ್ಡ ನಗರದಲ್ಲಿ, ಕೆಲವು ಕಂಪನಿಗಳ ಮಟ್ಟಿಗೆ ಬೆಂಗಳೂರಿನಲ್ಲಿ, ಇರುತ್ತದೆ. ಮೂರು ಅಡಿಗಿಂತಲೂ ಉದ್ದದ ವಾದ್ಯವನ್ನು ಬಸ್ಸಿನಲ್ಲಿ ಅಷ್ಟು ದೂರ ಒಯ್ಯಬೇಕಾದ ಮಾಲೀಕನಿಗೆ ಎರಡು ತಿಳಿವಳಿಕೆಗಳು ಅನಿವಾರ್ಯ: ದೋಷ ಯಾವ ಭಾಗದ್ದು ಎಂದು ಹೊರಗಿನಿಂದಲೇ ಗುರುತಿಸುವುದು ಒಂದು, ತನ್ನ ಹಕ್ಕು ಎಲ್ಲಿಯವರೆಗೆ ಇದೆ ಎಂದು ಅರಿತಿರುವುದು ಇನ್ನೊಂದು. ಮೊದಲನೆಯದು ವ್ಯರ್ಥ ಪ್ರಯಾಣವನ್ನು ತಪ್ಪಿಸುತ್ತದೆ, ಎರಡನೆಯದು ಪ್ರಯಾಣವನ್ನು ಸಾರ್ಥಕಗೊಳಿಸುತ್ತದೆ.

ಕೀಬೋರ್ಡಿನ ಒಳರಚನೆಯನ್ನು ನಾಲ್ಕು ಭಾಗಗಳಾಗಿ ಕಂಡರೆ ದೋಷದ ಜಾಡು ಹಿಡಿಯುವುದು ಸುಲಭವಾಗುತ್ತದೆ. ಕೀಗಳೂ ಅವುಗಳ ಕೆಳಗಿನ ಸಂಪರ್ಕಗಳೂ ಸೇರಿ ಮೊದಲ ಭಾಗ. ಒತ್ತಿದ ಕೀ ಯಾವುದೆಂದು ಲೆಕ್ಕ ಹಾಕಿ, ಸ್ಮೃತಿಯಲ್ಲಿರುವ ನಾದದ ಮಾದರಿಯನ್ನು ಹೊರತರುವ ಮುಖ್ಯ ಸರ್ಕೀಟ್ ಹಲಗೆ, ಅಂದರೆ ಮೇನ್ ಬೋರ್ಡ್, ಎರಡನೆಯದು. ಆ ಸಂಕೇತವನ್ನು ಹಿಗ್ಗಿಸುವ ಆಂಪ್ಲಿಫೈಯರ್ ಮತ್ತು ಸ್ಪೀಕರ್ ಮೂರನೆಯದು. ಇವೆಲ್ಲಕ್ಕೂ ವಿದ್ಯುತ್ ಉಣಿಸುವ ಅಡಾಪ್ಟರ್, ಬ್ಯಾಟರಿ ಹಾಗೂ ಪಿನ್ ಕೂರುವ ಜಾಕ್ ನಾಲ್ಕನೆಯದು. ನಿತ್ಯ ಬಳಕೆಯಲ್ಲಿ ಹೆಚ್ಚು ಸವೆಯುವುದು ಮೊದಲ ಭಾಗ, ಅಕಸ್ಮಾತ್ತಾಗಿ ಸುಟ್ಟುಹೋಗುವುದು ನಾಲ್ಕನೆಯದು.

ಪ್ರತಿ ಕೀಯ ಕೆಳಗೆ ರಬ್ಬರಿನ ಪುಟ್ಟ ಗುಮ್ಮಟವಿದ್ದು, ಅದರ ಒಳಮೈಯಲ್ಲಿ ಇಂಗಾಲ ಬೆರೆತ ಕಪ್ಪು ಬಿಲ್ಲೆ ಅಂಟಿರುತ್ತದೆ. ಕೀ ಒತ್ತಿದಾಗ ಆ ಬಿಲ್ಲೆ ಕೆಳಗಿನ ಹಲಗೆಯ ಮೇಲಿನ ಎರಡು ರೇಖೆಗಳನ್ನು ಕೂಡಿಸಿ ವಿದ್ಯುತ್ ಹರಿಯುವಂತೆ ಮಾಡುತ್ತದೆ. ಬೆರಳಿನ ಒತ್ತಡಕ್ಕೆ ತಕ್ಕಂತೆ ದನಿ ಏರಿಳಿಸುವ ಕೀಬೋರ್ಡುಗಳಲ್ಲಿ ಸಾಮಾನ್ಯವಾಗಿ ಒಂದೊಂದು ಕೀಗೆ ಇಂಥ ಎರಡು ಸಂಪರ್ಕಗಳಿದ್ದು, ಒಂದು ತುಸು ಮೊದಲೂ ಇನ್ನೊಂದು ತುಸು ತಡವಾಗಿಯೂ ಕೂಡಿಕೊಳ್ಳುತ್ತವೆ. ಇವೆರಡರ ನಡುವಿನ ಕೆಲವೇ ಮಿಲಿಸೆಕೆಂಡುಗಳ ಅಂತರವನ್ನು ಅಳೆದು ಯಂತ್ರವು ಬೆರಳು ಜೋರಾಗಿ ಬಿದ್ದಿತೋ ಮೆಲ್ಲಗೆ ಬಿದ್ದಿತೋ ಎಂದು ನಿರ್ಧರಿಸುತ್ತದೆ. ಎರೆಮಣ್ಣಿನ ನುಣ್ಣನೆಯ ದೂಳು ಈ ಬಿಲ್ಲೆಗೂ ರೇಖೆಗೂ ನಡುವೆ ಕೂತಾಗ ಕಾಲದ ಲೆಕ್ಕ ತಪ್ಪುತ್ತದೆ: ಕೀ ಪೂರ್ತಿ ಮೂಕವಾಗಬಹುದು, ಎರಡು ಮೂರು ಸಲ ಒತ್ತಿದ ಮೇಲೆ ಮಾತ್ರ ನುಡಿಯಬಹುದು, ಇಲ್ಲವೇ ಎಷ್ಟೇ ಮೆಲ್ಲಗೆ ಮುಟ್ಟಿದರೂ ಪೂರ್ಣ ಜೋರಿನಲ್ಲಿ ಕಿರಿಚಬಹುದು. ಈ ಕೊನೆಯ ಲಕ್ಷಣವನ್ನು ಕಂಡು ಧ್ವನಿವರ್ಧಕದ ದೋಷವೆಂದು ತಿಳಿಯುವವರು ಬಹಳ ಮಂದಿ. ಒಂದೇ ಕೀಯಲ್ಲಿ ಹಾಗಾಗುತ್ತಿದ್ದರೆ ಅದು ಸಂಪರ್ಕದ ದೋಷ ಎಂದೇ ಭಾವಿಸಬೇಕು.

ಒಂದು ಕೀ ಕೆಡುವುದಕ್ಕೂ ಹಲವು ಕೀಗಳು ಒಟ್ಟಿಗೆ ಕೆಡುವುದಕ್ಕೂ ಇರುವ ವ್ಯತ್ಯಾಸ ಇನ್ನೂ ಮುಖ್ಯವಾದದ್ದು. 61 ಕೀಗಳ ವಾದ್ಯದಲ್ಲಿ ಕೀಗೆ ಎರಡರಂತೆ 122 ಸಂಪರ್ಕಗಳಿರುತ್ತವೆ. ಒಂದೊಂದಕ್ಕೂ ಪ್ರತ್ಯೇಕ ತಂತಿ ಎಳೆದರೆ ಯಂತ್ರ ದುಬಾರಿಯಾಗುವುದರಿಂದ, ಹಾಸು ಹೊಕ್ಕುಗಳಂತೆ ಅಡ್ಡ ಉದ್ದದ ಕೆಲವೇ ಗೆರೆಗಳನ್ನು ಹೆಣೆದು, ಯಾವ ಅಡ್ಡಗೆರೆ ಯಾವ ಉದ್ದಗೆರೆಯನ್ನು ಕೂಡಿತು ಎಂಬುದರಿಂದ ಕೀಯನ್ನು ಗುರುತಿಸುವ ವ್ಯವಸ್ಥೆಯನ್ನು ತಯಾರಕರು ಅಳವಡಿಸಿರುತ್ತಾರೆ. ಹಾಸಿನ ಒಂದು ಎಳೆ ಕಡಿದರೆ ಸೀರೆಯ ಉದ್ದಕ್ಕೂ ಗೆರೆ ಮೂಡುವುದನ್ನು ಪಟ್ಟೇದಂಚಿನ ಸೀರೆಗೆ ಹೆಸರಾದ ಗಜೇಂದ್ರಗಡದ ನೇಕಾರರಿಗೆ ವಿವರಿಸಬೇಕಾಗಿಲ್ಲ. ಕೀಬೋರ್ಡಿನಲ್ಲಿಯೂ ಒಂದು ಗೆರೆ ಕಡಿದಾಗ ಅದಕ್ಕೆ ಸೇರಿದ ಕೀಗಳೆಲ್ಲ ಕ್ರಮಬದ್ಧವಾಗಿ, ಉದಾಹರಣೆಗೆ ಪ್ರತಿ ಎಂಟನೆಯ ಕೀ ಅಥವಾ ಒಂದರ ಪಕ್ಕ ಒಂದಿರುವ ಎಂಟು ಕೀಗಳ ಗುಂಪು, ಮೂಕವಾಗುತ್ತವೆ. ಹೀಗೆ ಕ್ರಮ ಕಂಡರೆ ದೋಷ ರಬ್ಬರಿನದಲ್ಲ, ಹಲಗೆಗಳನ್ನು ಜೋಡಿಸುವ ಚಪ್ಪಟೆ ರಿಬ್ಬನ್ ಕೇಬಲ್ಲಿನದು, ಅದರ ಕೂಡುಬಾಯಿಯದು ಅಥವಾ ಬೆಸುಗೆಯದು. ಈ ಒಂದು ವಿವರವನ್ನು ಸೇವಾಕೇಂದ್ರಕ್ಕೆ ಮೊದಲೇ ಬರೆದು ತಿಳಿಸಿದರೆ ರಬ್ಬರ್ ಒರೆಸಿ ಕಳಿಸಿಬಿಡುವ ಅರೆಬರೆ ದುರಸ್ತಿಯೂ ಅದರಿಂದಾಗುವ ಎರಡನೆಯ ಪ್ರಯಾಣವೂ ತಪ್ಪುತ್ತವೆ.

ಶಬ್ದವೇ ಬಾರದಿದ್ದಾಗ ಕಿವಿಗೆ ಹಾಕುವ ಹೆಡ್‌ಫೋನನ್ನು ಜೋಡಿಸಿ ನೋಡುವುದು ಸರಳವಾದ ಪರೀಕ್ಷೆ. ಅದರಲ್ಲಿ ಸ್ವರ ಶುದ್ಧವಾಗಿ ಕೇಳಿ ಸ್ಪೀಕರಿನಲ್ಲಿ ಮಾತ್ರ ಕೇಳದಿದ್ದರೆ ದೋಷ ಮೂರನೆಯ ಭಾಗದಲ್ಲಿದೆ. ಹೆಡ್‌ಫೋನಿನ ಜಾಕಿನೊಳಗಿನ ಸಣ್ಣ ಸ್ಪ್ರಿಂಗ್ ಸಿಕ್ಕಿಕೊಂಡು, ಪಿನ್ ತೆಗೆದ ಮೇಲೂ ಒಳಗಿದೆ ಎಂದೇ ಯಂತ್ರ ಭಾವಿಸುವುದೂ ಉಂಟು. ಎರಡರಲ್ಲಿಯೂ ಕೇಳದಿದ್ದರೆ ಯುಎಸ್‌ಬಿ ತಂತಿಯಿಂದ ಮೊಬೈಲಿಗೆ ಜೋಡಿಸಿ, ಮಿಡಿ ಎಂಬ ಸಂಕೇತಪದ್ಧತಿಯನ್ನು ಓದಬಲ್ಲ ಒಂದು ಆ್ಯಪಿನಲ್ಲಿ ನೋಡಬಹುದು. ಮಿಡಿಯೆಂದರೆ ಯಾವ ಕೀ, ಯಾವ ಹೊತ್ತಿಗೆ, ಎಷ್ಟು ಜೋರಾಗಿ ಒತ್ತಲ್ಪಟ್ಟಿತು ಎಂಬ ಮಾಹಿತಿ ಮಾತ್ರ, ಅದರಲ್ಲಿ ನಾದವಿರುವುದಿಲ್ಲ. ಆ್ಯಪಿನಲ್ಲಿ ಕೀಗಳು ಸರಿಯಾಗಿ ದಾಖಲಾದರೆ ಕೀಗಳ ಭಾಗವೂ ಅದನ್ನು ಓದುವ ಲೆಕ್ಕವೂ ನೆಟ್ಟಗಿವೆ, ನಾದ ಹೊರಬರುವ ದಾರಿಯಲ್ಲಿ ಕೆಡುಕಿದೆ ಎಂದಾಯಿತು. ವಾಲ್ಯೂಮ್ ಗುಬುಟು ತಿರುಗಿಸುವಾಗ ಮಾತ್ರ ಕರಕರ ಶಬ್ದ ಬಂದರೆ ಆ ಗುಬುಟಿನ ಒಳಗಿನ ಸವೆದ ಪಟ್ಟಿಯೇ ಕಾರಣ.

ದೋಷವೇ ಅಲ್ಲದ ದೋಷಗಳ ಸಂಖ್ಯೆಯೂ ಚಿಕ್ಕದಲ್ಲ. ಟ್ರಾನ್ಸ್‌ಪೋಸ್ ಎಂಬ ಸೌಲಭ್ಯದಿಂದ ಶ್ರುತಿ ಬದಲಾಗಿದ್ದು ಗೊತ್ತಾಗದೆ ಮೊದಲ ಕಪ್ಪು ಕೀಯ ಶ್ರುತಿಯಾದ ಕಪ್ಪು ಒಂದರಲ್ಲಿ ಹಾಡುವವರು ಕಂಗಾಲಾಗುವುದು, ಸ್ಟೈಲ್ ಎಂಬ ಸಿದ್ಧ ತಾಳ ಚಾಲನೆಯಲ್ಲಿದ್ದು ಎಡಗೈಯ ಕೀಗಳು ಬೇರೆ ಕೆಲಸಕ್ಕೆ ಮೀಸಲಾಗಿರುವಾಗ ಅವು ಕೆಟ್ಟಿವೆ ಎಂದು ಭಾವಿಸುವುದು, ಸ್ವಲ್ಪ ಹೊತ್ತು ನುಡಿಸದಿದ್ದರೆ ತಾನಾಗಿ ಆರುವ ವಿದ್ಯುತ್ ಉಳಿತಾಯದ ವ್ಯವಸ್ಥೆಯನ್ನು ಅಡಾಪ್ಟರಿನ ಕೇಡೆಂದು ತಿಳಿಯುವುದು, ಪೆಡಲನ್ನು ಯಂತ್ರ ಚಾಲೂ ಮಾಡಿದ ಮೇಲೆ ಚುಚ್ಚಿದ್ದರಿಂದ ಅದು ತಲೆಕೆಳಗಾಗಿ ವರ್ತಿಸುವುದು, ಇವೆಲ್ಲ ಆಗಾಗ ಕೇಳಿಬರುವ ದೂರುಗಳು. ಇಂಥ ಸಂದರ್ಭದಲ್ಲಿ ಯಂತ್ರವನ್ನು ಕಾರ್ಖಾನೆಯಿಂದ ಬಂದ ಮೂಲಸ್ಥಿತಿಗೆ ಮರಳಿಸುವ ವಿಧಾನ ಕೈಪಿಡಿಯಲ್ಲಿರುತ್ತದೆ; ಯಮಹಾದ ಪಿಎಸ್‌ಆರ್-ಇ ಸರಣಿಯ ವಾದ್ಯಗಳಲ್ಲಿ ಬಲತುದಿಯ ಬಿಳಿ ಕೀಯನ್ನು ಒತ್ತಿ ಹಿಡಿದು ಸ್ವಿಚ್ ಹಾಕುವುದು ಆ ವಿಧಾನ. ಹಾಗೆ ಮಾಡಿದಾಗ ಬಳಕೆದಾರ ಕೂಡಿಟ್ಟುಕೊಂಡ ನಾದಗಳ ಹೊಂದಾಣಿಕೆಗಳು ಅಳಿಯುತ್ತವೆ. ಒಂದಿಡೀ ನಾಟಕದ ಹಾಡುಗಳಿಗೆ ಬೇಕಾದ ಹೊಂದಾಣಿಕೆಗಳನ್ನು ಸಿದ್ಧಪಡಿಸಲು ವಾರಗಟ್ಟಲೆ ದುಡಿದವರು ಅವುಗಳ ಪ್ರತಿಯನ್ನು ಪೆನ್‌ಡ್ರೈವಿನಲ್ಲಾಗಲಿ ಕಂಪ್ಯೂಟರಿನಲ್ಲಾಗಲಿ ತೆಗೆದಿಡದೆ ಈ ಕೆಲಸಕ್ಕೆ ಕೈಹಾಕಬಾರದು. ಸೇವಾಕೇಂದ್ರಕ್ಕೆ ಕಳಿಸುವ ಮುನ್ನವೂ ಇದೇ ಎಚ್ಚರಿಕೆ ಅಗತ್ಯ, ಏಕೆಂದರೆ ಅಲ್ಲಿಯೂ ಮೊದಲು ಮಾಡುವುದು ಮೂಲಸ್ಥಿತಿಗೆ ಮರಳಿಸುವ ಕೆಲಸವನ್ನೇ.

ವಿದ್ಯುತ್ತಿನ ವಿಷಯ ಈ ಸೀಮೆಯಲ್ಲಿ ಹೆಚ್ಚಿನ ಗಮನ ಬೇಡುತ್ತದೆ. ಗಜೇಂದ್ರಗಡದ ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿ ತಿರುಗುತ್ತವೆ, ಆದರೂ ಜಾತ್ರೆಯ ಬಯಲಿನಲ್ಲಿ ವೇದಿಕೆಗೆ ಬರುವ ಕರೆಂಟು ತಾತ್ಕಾಲಿಕವಾಗಿ ಎಳೆದ ತಂತಿಯದು ಅಥವಾ ಬಾಡಿಗೆ ಜನರೇಟರಿನದು. ಇಲ್ಲಿನ ವಿದ್ಯುತ್ ಕಂಪನಿಯಾದ ಹೆಸ್ಕಾಂ ಪೂರೈಸುವ ಮೂರು ಫೇಸಿನ ವ್ಯವಸ್ಥೆಯಲ್ಲಿ ಒಂದು ಫೇಸಿಗೂ ನ್ಯೂಟ್ರಲ್‌ಗೂ ನಡುವೆ ಸುಮಾರು 230 ವೋಲ್ಟ್ ಇದ್ದರೆ, ಎರಡು ಫೇಸುಗಳ ನಡುವೆ 400 ವೋಲ್ಟ್‌ನಷ್ಟು ಇರುತ್ತದೆ. ನ್ಯೂಟ್ರಲ್ ಎಂದರೆ ಕರೆಂಟು ಮರಳಿ ಹೋಗುವ ಸಾಮಾನ್ಯ ದಾರಿ. ತಾತ್ಕಾಲಿಕ ಜೋಡಣೆಯಲ್ಲಿ ಅದು ಸಡಿಲವಾದರೆ ಅಥವಾ ಕಳಚಿದರೆ, ಎರಡು ಬೇರೆ ಬೇರೆ ಫೇಸಿನ ಮೇಲಿರುವ ಉಪಕರಣಗಳು ಒಂದರ ಹಿಂದೊಂದು ನಿಂತು ಆ 400 ವೋಲ್ಟನ್ನು ಹಂಚಿಕೊಳ್ಳುವಂತಾಗುತ್ತದೆ. ಹಂಚಿಕೆ ಸಮನಾಗಿರುವುದಿಲ್ಲ, ಒಂದು ಕಡೆ ದೊಡ್ಡ ದೀಪಗಳು, ಧ್ವನಿವರ್ಧಕಗಳು ಇದ್ದು ಇನ್ನೊಂದು ಕಡೆ ಕೀಬೋರ್ಡಿನ ಪುಟ್ಟ ಅಡಾಪ್ಟರ್ ಒಂದೇ ಇದ್ದರೆ, ಕಡಿಮೆ ಕರೆಂಟು ಎಳೆಯುವ ಅಡಾಪ್ಟರಿನ ಪಾಲಿಗೆ 300 ವೋಲ್ಟ್‌ಗೂ ಹೆಚ್ಚು ಬಂದು ಅದು ಕ್ಷಣದಲ್ಲಿ ಸುಡುತ್ತದೆ. ಒಮ್ಮೆಲೇ ದೀಪಗಳು ಪ್ರಖರವಾಗುವುದೋ ಮಂಕಾಗುವುದೋ ಕಂಡರೆ ಪಿನ್ ಕಿತ್ತುಬಿಡುವುದು ಒಳ್ಳೆಯದು. ಇದಕ್ಕೆಲ್ಲ ಅಗ್ಗದ ಪರಿಹಾರ ಬ್ಯಾಟರಿ: ಚಿಕ್ಕ ಮತ್ತು ಮಧ್ಯಮ ಗಾತ್ರದ ಹಲವು ಕೀಬೋರ್ಡುಗಳು 1.5 ವೋಲ್ಟ್‌ನ ಆರು ಸೆಲ್ಲುಗಳ ಮೇಲೆ ನಡೆಯುತ್ತವೆ, ವೇದಿಕೆಯ ವಿದ್ಯುತ್ತನ್ನು ನಂಬಲಾಗದಿದ್ದರೆ ಅವುಗಳನ್ನೇ ನಂಬಬಹುದು. ಕಾರ್ಯಕ್ರಮ ಮುಗಿದ ಮೇಲೆ ಸೆಲ್ಲುಗಳನ್ನು ಹೊರತೆಗೆಯದಿದ್ದರೆ ಅವು ಸೋರಿ ಒಳಗಿನ ಲೋಹದ ಪಟ್ಟಿಗಳನ್ನು ತಿನ್ನುತ್ತವೆ ಎಂಬುದನ್ನು ಮರೆಯದಿದ್ದರೆ ಸಾಕು.

ಅಡಾಪ್ಟರ್ ಸುಟ್ಟ ಮೇಲೆ ಸಂತೆಯಲ್ಲಿ ಸಿಕ್ಕ ಬೇರೊಂದನ್ನು ಚುಚ್ಚುವುದು ಅದಕ್ಕಿಂತ ದೊಡ್ಡ ಅಪಾಯ. ಅಡಾಪ್ಟರಿನ ಪಿನ್ನಿನ ನಡುಭಾಗ ಮತ್ತು ಹೊರಭಾಗಗಳಲ್ಲಿ ಯಾವುದು ಧನ, ಯಾವುದು ಋಣ ಎಂಬುದು ಕಂಪನಿಯಿಂದ ಕಂಪನಿಗೆ ಭಿನ್ನ: ಯಮಹಾದ 12 ವೋಲ್ಟ್ ಅಡಾಪ್ಟರುಗಳಲ್ಲಿ ನಡುಭಾಗ ಧನವಾದರೆ, ಕ್ಯಾಸಿಯೊದ ಹಳೆಯ ಹಲವು ಮಾದರಿಗಳಲ್ಲಿ ನಡುಭಾಗ ಋಣ. ಪಿನ್ ಗಾತ್ರ ಹೊಂದಿತೆಂಬ ಒಂದೇ ಕಾರಣಕ್ಕೆ ಚುಚ್ಚಿದಾಗ ವಿದ್ಯುತ್ ತಿರುವುಮುರುವಾಗಿ ಹರಿದು ಮೇನ್ ಬೋರ್ಡಿಗೇ ಕುತ್ತು ಬರಬಹುದು. ಅಡಾಪ್ಟರಿನ ಮೇಲೂ ವಾದ್ಯದ ಹಿಂಬದಿಯಲ್ಲೂ ಅಚ್ಚಾಗಿರುವ ಧನ ಋಣ ಚಿಹ್ನೆಗಳ ಪುಟ್ಟ ಚಿತ್ರ, ವೋಲ್ಟೇಜ್ ಮತ್ತು ಆಂಪಿಯರ್ ಸಂಖ್ಯೆ, ಈ ಮೂರೂ ತಾಳೆಯಾಗಬೇಕು. ಆಂಪಿಯರ್ ಮಾತ್ರ ಬೇಕಾದುದಕ್ಕಿಂತ ಹೆಚ್ಚಿದ್ದರೆ ಅಡ್ಡಿಯಿಲ್ಲ. ಸತ್ತಂತೆ ಕಾಣುವ ಕೀಬೋರ್ಡು ಬ್ಯಾಟರಿಯ ಮೇಲೆ ಜೀವ ಪಡೆದರೆ ಕೆಟ್ಟಿರುವುದು ಅಡಾಪ್ಟರ್ ಅಥವಾ ಪದೇ ಪದೇ ಎಳೆದಾಟದಿಂದ ಬೆಸುಗೆ ಬಿಟ್ಟ ಜಾಕ್. ಪಿನ್ನನ್ನು ಅಲುಗಿಸಿದಾಗ ದೀಪ ಮಿಣುಕಿದರೆ ಜಾಕೇ ಸರಿ.

ಇನ್ನು ಖಾತರಿಯ ಮಾತು. ವಾರಂಟಿ ಎಂದರೆ ನಿರ್ದಿಷ್ಟ ಅವಧಿಯೊಳಗೆ ತಯಾರಿಕೆಯ ಅಥವಾ ಸಾಮಗ್ರಿಯ ದೋಷ ಕಂಡುಬಂದರೆ ಉಚಿತವಾಗಿ ಸರಿಪಡಿಸಿಕೊಡುವುದಾಗಿ ತಯಾರಕ ಕೊಡುವ ಲಿಖಿತ ಭರವಸೆ. ಕೀಬೋರ್ಡುಗಳಲ್ಲಿ ಈ ಅವಧಿ ಸಾಮಾನ್ಯವಾಗಿ ಒಂದರಿಂದ ಮೂರು ವರ್ಷ. ಅಡಾಪ್ಟರು, ಪೆಡಲುಗಳಂಥ ಉಪಾಂಗಗಳಿಗೆ ಇನ್ನೂ ಕಡಿಮೆ ಇರಬಹುದು ಅಥವಾ ಇಲ್ಲದೆಯೂ ಇರಬಹುದು. ವೋಲ್ಟೇಜ್ ಏರಿಳಿತ, ತಪ್ಪು ಅಡಾಪ್ಟರ್, ನೀರು ಚಹಾ ಚೆಲ್ಲಿದ್ದು, ಬಿದ್ದು ಒಡೆದದ್ದು, ಇರುವೆ ಜಿರಲೆಗಳು ಗೂಡು ಕಟ್ಟಿದ್ದು, ಅನಧಿಕೃತವಾಗಿ ಬಿಚ್ಚಿದ್ದು, ಇವನ್ನೆಲ್ಲ ವಾರಂಟಿ ಪತ್ರ ಹೊರಗಿಡುತ್ತದೆ. ಆದ್ದರಿಂದ ಅವಧಿಯೊಳಗಿನ ವಾದ್ಯವನ್ನು, ಎಷ್ಟೇ ನುರಿತವರಾಗಿದ್ದರೂ, ಊರಿನ ಟಿವಿ ಮೆಕ್ಯಾನಿಕ್‌ನಿಂದ ಬಿಚ್ಚಿಸಬಾರದು. ಬಿಲ್ ಇಲ್ಲದ ವಾರಂಟಿ ಪತ್ರಕ್ಕೆ ಬೆಲೆಯಿಲ್ಲ. ಉಷ್ಣಕಾಗದದ ಮೇಲೆ ಮುದ್ರಿತವಾದ ಬಿಲ್ಲಿನ ಅಕ್ಷರಗಳು ಬೇಸಿಗೆಯ ಕಾವಿಗೆ ಕೆಲವೇ ತಿಂಗಳಲ್ಲಿ ಅಳಿಸುವುದರಿಂದ ಕೊಂಡ ದಿನವೇ ಅದರ ಫೋಟೊ ತೆಗೆದು, ವಾದ್ಯದ ಕೆಳಗಿನ ಸೀರಿಯಲ್ ನಂಬರಿನ ಫೋಟೊವನ್ನೂ ಸೇರಿಸಿಡಬೇಕು. ಬಿಲ್ ಬೇಡವೆಂದರೆ ಸ್ವಲ್ಪ ಕಡಿಮೆ ಮಾಡಿಕೊಡುವುದಾಗಿ ಹೇಳುವ ಅಂಗಡಿಯಿಂದಲೂ, ಹೊರದೇಶದಿಂದ ಅನಧಿಕೃತವಾಗಿ ತಂದು ಮಾರುವವರಿಂದಲೂ ಕೊಂಡ ವಾದ್ಯಕ್ಕೆ ಭಾರತದಲ್ಲಿ ಕಂಪನಿಯ ಆಸರೆ ದೊರೆಯುವುದು ಕಷ್ಟ.

ವಾದ್ಯವನ್ನು ಕಳಿಸುವ ಮುನ್ನ ಸೇವಾಕೇಂದ್ರಕ್ಕೆ ದೂರವಾಣಿಯಲ್ಲಿ ಹೇಳಿದ್ದನ್ನೇ ಇಮೇಲಿನಲ್ಲಿಯೂ ಬರೆಯುವುದು, ದೋಷ ಬಂದು ಹೋಗುವ ಸ್ವಭಾವದ್ದಾದರೆ ಅದು ಕಾಣಿಸಿಕೊಂಡಾಗ ವಿಡಿಯೋ ಮಾಡಿಟ್ಟುಕೊಳ್ಳುವುದು ಬಹಳ ಉಪಯುಕ್ತ. ಅರ್ಧ ಗಂಟೆ ನುಡಿಸಿ ಯಂತ್ರ ಬಿಸಿಯಾದ ಮೇಲೆ ಮಾತ್ರ ಕಾಣಿಸಿಕೊಳ್ಳುವ ದೋಷ, ಸೇವಾಕೇಂದ್ರದಲ್ಲಿ ಐದು ನಿಮಿಷ ಪರೀಕ್ಷಿಸಿದಾಗ ಕಾಣದೆ ಹೋಗಿ, ದೋಷವಿಲ್ಲ ಎಂಬ ಷರಾದೊಂದಿಗೆ ವಾದ್ಯ ಮರಳಿ ಬರುತ್ತದೆ. ಮೂಲ ಪೆಟ್ಟಿಗೆ ಮತ್ತು ಅದರೊಳಗಿನ ಥರ್ಮೋಕೋಲನ್ನು ವಾರಂಟಿ ಮುಗಿಯುವವರೆಗಾದರೂ ಇಟ್ಟುಕೊಳ್ಳಬೇಕು. ಕರ್ನಾಟಕದ ಸಾರಿಗೆ ಸಂಸ್ಥೆಗಳು 2021ರಲ್ಲಿ ಆರಂಭಿಸಿದ ‘ನಮ್ಮ ಕಾರ್ಗೋ’ ಸೇವೆಯಿಂದ ಬಸ್ಸಿನಲ್ಲೇ ಪಾರ್ಸೆಲ್ ಕಳಿಸುವ ದಾರಿಯೂ ಇದೆ. ಆದರೆ ಸಾಧ್ಯವಿದ್ದರೆ ಒಮ್ಮೆ ಸ್ವತಃ ಒಯ್ದು ಕೊಡುವುದು ಮೇಲು, ಏಕೆಂದರೆ ದಾರಿಯಲ್ಲಾದ ಪೆಟ್ಟನ್ನು ಮೊದಲಿನದೆಂದೋ ಮೊದಲಿನ ದೋಷವನ್ನು ದಾರಿಯದೆಂದೋ ಹೇಳುವ ವಾದಕ್ಕೆ ಆಗ ಎಡೆಯಿರುವುದಿಲ್ಲ. ಕೊಟ್ಟಾಗ ಜಾಬ್ ಶೀಟ್, ಅಂದರೆ ವಾದ್ಯವನ್ನು ಪಡೆದ ದಿನ, ಸೀರಿಯಲ್ ನಂಬರ್, ಮಾಲೀಕ ಹೇಳಿದ ದೋಷ, ವಾದ್ಯದ ಹೊರಸ್ಥಿತಿ ಇವನ್ನು ದಾಖಲಿಸಿದ ಚೀಟಿ, ಪಡೆಯಲೇಬೇಕು. ಮುಂದೆ ವ್ಯಾಜ್ಯವಾದರೆ ಅದರಷ್ಟು ಬಲವಾದ ಸಾಕ್ಷ್ಯ ಮತ್ತೊಂದಿರುವುದಿಲ್ಲ.

ಕಂಪನಿ ನಿರಾಕರಿಸಿತು, ಅಥವಾ ಮೂರು ಸಲ ಕಳಿಸಿದರೂ ಅದೇ ದೋಷ ಮರಳಿತು ಎಂದಿಟ್ಟುಕೊಂಡರೆ, ಗಜೇಂದ್ರಗಡದ ಮಾಲೀಕನಿಗೆ ಸೇವಾಕೇಂದ್ರಕ್ಕಿಂತ ಹತ್ತಿರದಲ್ಲಿರುವ ಬಾಗಿಲು ಗದಗಿನ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೆಯ ಪ್ರಕರಣದಂತೆ, ಗ್ರಾಹಕ ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಕಂಪನಿಯ ಕಚೇರಿ ದೆಹಲಿ ಪಕ್ಕದ ಗುರುಗ್ರಾಮದಲ್ಲಿರಲಿ, ವಾದ್ಯವನ್ನು ಆನ್‌ಲೈನಿನಲ್ಲಿ ಬೇರೆ ರಾಜ್ಯದ ಮಾರಾಟಗಾರನಿಂದ ತರಿಸಿರಲಿ, ಉತ್ತರ ಕೊಡಬೇಕಾದವರು ಗದಗಿಗೆ ಬರಬೇಕು ಅಥವಾ ತಮ್ಮ ಪರವಾಗಿ ಒಬ್ಬರನ್ನು ನೇಮಿಸಬೇಕು. 1986ರ ಹಳೆಯ ಕಾಯ್ದೆಯಲ್ಲಿ ಇರದಿದ್ದ ಈ ಅನುಕೂಲವೇ ಸಣ್ಣ ಊರುಗಳ ಗ್ರಾಹಕರಿಗೆ ಹೊಸ ಕಾಯ್ದೆ ಕೊಟ್ಟ ದೊಡ್ಡ ಬಲವೆನ್ನಬೇಕು. ಕೊಂಡ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಕೀಬೋರ್ಡುಗಳ ಬೆಲೆ ಅಷ್ಟು ದೂರ ಹೋಗುವುದೇ ಅಪರೂಪ. ವಕೀಲರಿಲ್ಲದೆ ತಾನೇ ವಾದಿಸಬಹುದು, ಅಂತರ್ಜಾಲದ ಮೂಲಕ ದೂರು ಸಲ್ಲಿಸಬಹುದು, ವಿಡಿಯೋ ಮೂಲಕ ಹಾಜರಾಗಲು ಕೇಳಿಕೊಳ್ಳಬಹುದು. ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಸಲ್ಲಬೇಕು ಎಂಬುದಷ್ಟೇ ಕಟ್ಟುನಿಟ್ಟು. ವಾದ್ಯವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕಾಗಿಲ್ಲದಿದ್ದರೆ ಎದುರಾಳಿಗೆ ನೋಟಿಸು ತಲುಪಿದ 3 ತಿಂಗಳೊಳಗೆ, ಪರೀಕ್ಷೆ ಬೇಕಾದರೆ 5 ತಿಂಗಳೊಳಗೆ ತೀರ್ಮಾನಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ.

ಕಾರ್ಯಕ್ರಮಕ್ಕೆ ಹೋಗಿ ನುಡಿಸಿ ಹಣ ಪಡೆಯುವ ಕಲಾವಿದರು ಇಲ್ಲಿ ಒಂದು ಆತಂಕವನ್ನು ಹೊತ್ತಿರುತ್ತಾರೆ: ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ ಎಂದು ಕಾಯ್ದೆ ಹೇಳುವುದರಿಂದ ತಮ್ಮನ್ನು ಹೊರಗೆ ತಳ್ಳಬಹುದೇ ಎಂಬುದು. ಹಾಗಿಲ್ಲ. ಸ್ವಯಂ ಉದ್ಯೋಗದಿಂದ ಜೀವನೋಪಾಯ ಗಳಿಸಲೆಂದೇ ಕೊಂಡು ತಾನೇ ಬಳಸುವ ವಸ್ತು ವಾಣಿಜ್ಯ ಉದ್ದೇಶದ್ದಲ್ಲ ಎಂಬ ವಿವರಣೆ ಅದೇ ಕಾಯ್ದೆಯಲ್ಲಿದೆ. ಹಳೆಯ ಕಾಯ್ದೆಯಲ್ಲಿದ್ದ ಇಂಥದೇ ವಿವರಣೆಯನ್ನು 1995ರ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಿಡಿಸಿ ಹೇಳುವಾಗ ಕೊಟ್ಟ ಉದಾಹರಣೆ ಬೆರಳಚ್ಚು ಯಂತ್ರದ್ದು: ಇತರರ ಬರವಣಿಗೆಯನ್ನು ಹಣಕ್ಕೆ ಬೆರಳಚ್ಚು ಮಾಡಿಕೊಡುವವನು ಆ ಯಂತ್ರದ ಮೇಲೆ ತಾನೇ ಕೆಲಸ ಮಾಡುತ್ತಿದ್ದರೆ ಅವನು ಗ್ರಾಹಕನೇ. ರಸಮಂಜರಿಯಲ್ಲಿ ಬೆರಳಾಡಿಸುವವರಿಗೆ ಈ ಮಾತು ಹಾಗೆಯೇ ಅನ್ವಯಿಸುತ್ತದೆ. ಹತ್ತಾರು ಕೀಬೋರ್ಡುಗಳನ್ನು ಕೊಂಡು ಬಾಡಿಗೆಗೆ ಬಿಡುವ ಉದ್ದಿಮೆದಾರನಿಗೆ ಅನ್ವಯಿಸದೆ ಹೋಗಬಹುದು.

ವಾರಂಟಿ ಪತ್ರದಲ್ಲಿ ಬರೆದದ್ದೇ ಕೊನೆಯ ಮಾತೆಂದು ಬಹುತೇಕರು ನಂಬಿದ್ದಾರೆ, ಈ ನಂಬಿಕೆಯಿಂದಲೇ ಬಹಳ ಮಂದಿ ಸೋಲುತ್ತಾರೆ. ಮಾರಿದ ಸರಕು ಮಾರಾಟಕ್ಕೆ ಯೋಗ್ಯವಾದ ಗುಣಮಟ್ಟದ್ದಾಗಿರಬೇಕು ಎಂಬ ಅಂತರ್ಗತ ಷರತ್ತನ್ನು 1930ರ ಸರಕು ಮಾರಾಟ ಕಾಯ್ದೆಯೇ ಹೇಳಿದೆ. ಬಿಲ್ ಕೊಡದಿರುವುದನ್ನೂ, ಬಿಲ್ಲಿನಲ್ಲಿ ಬೇರೆ ಅವಧಿ ನಮೂದಾಗಿಲ್ಲದಿದ್ದಾಗ ದೋಷಯುಕ್ತ ವಸ್ತುವನ್ನು 30 ದಿನದೊಳಗೆ ಹಿಂಪಡೆಯಲು ಒಪ್ಪದಿರುವುದನ್ನೂ 2019ರ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದೇ ಪರಿಗಣಿಸುತ್ತದೆ. ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ ಎಂಬ ಅಂಗಡಿಯ ಫಲಕ ಕೆಟ್ಟ ವಾದ್ಯದ ವಿಷಯದಲ್ಲಿ ಕಾನೂನಿನ ಮುಂದೆ ನಿಲ್ಲಲಾರದು. ದೂರು ರುಜುವಾತಾದರೆ ದೋಷ ಸರಿಪಡಿಸಿಕೊಡಲು, ಹೊಸ ವಾದ್ಯ ಕೊಡಲು, ಹಣವನ್ನು ಬಡ್ಡಿಯೊಂದಿಗೆ ಮರಳಿಸಲು ಹಾಗೂ ನಷ್ಟಕ್ಕೆ ಪರಿಹಾರ ನೀಡಲು ಆಯೋಗ ಆದೇಶಿಸಬಲ್ಲದು. ವಾದ್ಯವಿಲ್ಲದೆ ಕೈಬಿಟ್ಟ ಕಾರ್ಯಕ್ರಮಗಳ ಒಪ್ಪಂದ ಪತ್ರ ಅಥವಾ ಮುಂಗಡದ ರಸೀದಿ ಇದ್ದರೆ ನಷ್ಟದ ಲೆಕ್ಕಕ್ಕೆ ಆಧಾರ ಸಿಗುತ್ತದೆ. ಆಯೋಗದವರೆಗೆ ಹೋಗುವ ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆಮಾಡುವುದರಿಂದ ಹಲವು ಪ್ರಕರಣಗಳು ಅಲ್ಲಿಯೇ ಇತ್ಯರ್ಥವಾಗುತ್ತವೆ. ಆನ್‌ಲೈನಿನಲ್ಲಿ ಕೊಂಡಿದ್ದರೆ 2020ರ ಇ-ವಾಣಿಜ್ಯ ನಿಯಮಗಳಂತೆ ಆ ಮಾರಾಟ ತಾಣದ ಕುಂದುಕೊರತೆ ಅಧಿಕಾರಿ ದೂರನ್ನು 48 ಗಂಟೆಯೊಳಗೆ ಸ್ವೀಕರಿಸಿದ್ದಾಗಿ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು.

ಹೊರಗಿನ ದೇಶಗಳಲ್ಲಿ ಈ ವಿಷಯ ಇನ್ನೂ ಮುಂದೆ ಹೋಗಿದೆ. ಅಮೆರಿಕದಲ್ಲಿ 1975ರ ವಾರಂಟಿ ಕಾಯ್ದೆಯ ಆಧಾರದ ಮೇಲೆ, ಬೇರೆಯವರಿಂದ ದುರಸ್ತಿ ಮಾಡಿಸಿದ ಮಾತ್ರಕ್ಕೆ ವಾರಂಟಿ ರದ್ದಾಗುತ್ತದೆ ಎನ್ನುವುದು ಸಲ್ಲದು ಎಂದು ಅಲ್ಲಿನ ವ್ಯಾಪಾರ ಆಯೋಗ 2018ರಲ್ಲಿ ಆರು ಕಂಪನಿಗಳಿಗೆ ಎಚ್ಚರಿಕೆ ಪತ್ರ ಬರೆಯಿತು. ಐರೋಪ್ಯ ಒಕ್ಕೂಟ 2024ರಲ್ಲಿ ಅಂಗೀಕರಿಸಿದ ದುರಸ್ತಿ ನಿರ್ದೇಶನದಂತೆ, ಖಾತರಿ ಅವಧಿಯಲ್ಲಿ ಹೊಸ ವಸ್ತುವಿನ ಬದಲು ದುರಸ್ತಿಯನ್ನು ಆಯ್ದುಕೊಂಡ ಗ್ರಾಹಕನಿಗೆ ಇನ್ನೊಂದು ವರ್ಷದ ಖಾತರಿ ದೊರೆಯುತ್ತದೆ. ಭಾರತದಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ದುರಸ್ತಿಯ ಹಕ್ಕಿಗಾಗಿ ಒಂದು ಜಾಲತಾಣವನ್ನು ಆರಂಭಿಸಿ, ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತುಗಳು, ವಾಹನ ಎಂಬ ನಾಲ್ಕು ವಲಯಗಳ ಕಂಪನಿಗಳನ್ನು ದುರಸ್ತಿಯ ಮಾಹಿತಿ ಹಂಚಿಕೊಳ್ಳುವಂತೆ ಕೇಳಿತು. ವಾದ್ಯಗಳಿಗೆ ಅಲ್ಲಿ ಪ್ರತ್ಯೇಕ ವಲಯವಿಲ್ಲ. ಸಂಗೀತವನ್ನೇ ನಂಬಿ ಬದುಕುವ ಕುಟುಂಬಗಳಿರುವ ನಾಡಿನಲ್ಲಿ ಅಂಥದೊಂದು ವಲಯ ಇರಬೇಕಾಗಿತ್ತು.

ವಾರಂಟಿ ಅವಧಿ ಮುಗಿದ ಮೇಲಿನ ಕೀಬೋರ್ಡಿನ ಸ್ಥಿತಿ ಬೇರೆ. ರೋಲೆಂಡ್ ಕಂಪನಿಯ 1991ರ ಜೆಡಿ-800 ಎಂಬ ಹೆಸರಾಂತ ವಾದ್ಯದಲ್ಲಿ ಕೀಗಳೊಳಗಿನ ಭಾರದ ತುಂಡುಗಳನ್ನು ಹಿಡಿದಿಡಲು ಬಳಸಿದ ಕೆಂಪು ಅಂಟು ವರ್ಷಗಳು ಕಳೆದ ಮೇಲೆ ಕರಗಿ ಸೋರಲಾರಂಭಿಸಿತು. ಅಂಥ ದೋಷ ಎಷ್ಟು ವರ್ಷದ ವಾರಂಟಿಗೂ ಸಿಗದು, ಜಗತ್ತಿನಾದ್ಯಂತ ಅದನ್ನು ಸ್ವಚ್ಛಗೊಳಿಸಿ ವಾದ್ಯಗಳನ್ನು ಉಳಿಸಿದವರು ಸ್ವತಂತ್ರ ಮೆಕ್ಯಾನಿಕ್‌ಗಳು. ಗಜೇಂದ್ರಗಡದಲ್ಲಿಯೂ ಈ ಹಂತದಲ್ಲಿ ಊರಿನ ಕೈಗಳೇ ಸಾಕಾಗುತ್ತವೆ. ಜಾಕಿಗೆ ಮರುಬೆಸುಗೆ ಹಾಕುವುದನ್ನು ಮೊಬೈಲ್ ದುರಸ್ತಿ ಮಾಡುವ ಯಾವ ಹುಡುಗನೂ ಮಾಡಬಲ್ಲ. ರಬ್ಬರ್ ಪಟ್ಟಿ ಮತ್ತು ಇಂಗಾಲದ ರೇಖೆಗಳನ್ನು ಔಷಧದ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಮೃದುವಾಗಿ ಒರೆಸಿ, ಪೂರ್ತಿ ಒಣಗಿದ ಮೇಲೆ ಜೋಡಿಸಿದರೆ ಮೂಕವಾದ ಕೀಗಳು ಬಹುಪಾಲು ನುಡಿಯುತ್ತವೆ. ಪೆಟ್ರೋಲ್, ಥಿನ್ನರ್‌ಗಳಿಂದ ಒರೆಸಿದರೆ ರಬ್ಬರೂ ಇಂಗಾಲದ ಲೇಪವೂ ಹಾಳಾಗುತ್ತವೆ. ಬಿಚ್ಚುವಾಗ ಸ್ಕ್ರೂಗಳ ಉದ್ದ ಜಾಗದಿಂದ ಜಾಗಕ್ಕೆ ಬೇರೆಯಾಗಿರುವುದರಿಂದ ಪ್ರತಿ ಹಂತದ ಫೋಟೊ ತೆಗೆಯುತ್ತ ಹೋಗಬೇಕು. ಒರೆಸಿದರೂ ನುಡಿಯದಷ್ಟು ಬಿಲ್ಲೆಗಳು ಸವೆದಿದ್ದರೆ ಹೊಸ ರಬ್ಬರ್ ಪಟ್ಟಿಗಳನ್ನು ತರಿಸಬೇಕಾಗುತ್ತದೆ. ಅವು ಮಾದರಿಯಿಂದ ಮಾದರಿಗೆ ಭಿನ್ನವಾದ್ದರಿಂದ ವಾದ್ಯದ ಪೂರ್ಣ ಮಾದರಿ ಸಂಖ್ಯೆಯನ್ನೂ, ಹಳೆಯ ಪಟ್ಟಿಯ ಮೇಲೆ ಅಚ್ಚಾಗಿರುವ ಸಂಕೇತವನ್ನೂ, ಒಂದು ಪಟ್ಟಿಯಲ್ಲಿ ಎಷ್ಟು ಗುಮ್ಮಟಗಳಿವೆ ಎಂಬ ಎಣಿಕೆಯನ್ನೂ ಬರೆದು ಕಳಿಸಿದರೆ ಸರಿಯಾದ ಬಿಡಿಭಾಗ ಬರುತ್ತದೆ.